ಜಿಪ್ಸಿಗೆ ಆಯಿಲ್ ಪ್ರೆಶರ್ ಮೀಟರ್: ಮುಳ್ಳು ಒಂದೋ ಸೊನ್ನೆ, ಇಲ್ಲಾ ಹತ್ತು

ಪ್ರಶ್ನೆ: ನಮಸ್ಕಾರ ಅಣ್ಣ. ಸಕಲೇಶಪುರದ ಹತ್ತಿರ ನಮ್ಮ ತೋಟ. ಹಳೇ ಮಾರುತಿ ಜಿಪ್ಸಿ ಇದೆ, 1.3 ಪೆಟ್ರೋಲ್. ಹೋದ ವರ್ಷ ಎಂಜಿನ್ ಬಿಚ್ಚಿ ಕೆಲಸ ಮಾಡಿಸಿದೆವು. ಇನ್ನು ಮೇಲೆ ಆಯಿಲ್ ಪ್ರೆಶರ್ ಕಣ್ಣಿಗೆ ಕಾಣುತ್ತಿರಲಿ ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಿಂದ 10 ಬಾರ್ (ಬಾರ್ ಅಂದರೆ ಪ್ರೆಶರ್ ಅಳತೆ) ಮೀಟರ್ ತಂದೆ. ಬರೀ ಮೀಟರ್, ಜೊತೆಗೆ ಬೇರೇನೂ ಇರಲಿಲ್ಲ. ಪ್ಲಸ್, ಮೈನಸ್ ಕೊಟ್ಟು, ‘ಎಸ್’ ಅಂತ ಇರುವ ಪಿನ್ನಿಗೆ ಎಂಜಿನ್‌ನಲ್ಲಿದ್ದ ಆಯಿಲ್ ಸ್ವಿಚ್ಚಿನಿಂದ ವೈರ್ ಎಳೆದೆ. ಹಳೇ ವೈರ್ ತೆಗೆದು ಸುಮ್ನೆ ಕಟ್ಟಿಟ್ಟಿದ್ದೇನೆ. ಕೀ ಆನ್ ಮಾಡಿದರೆ ಮುಳ್ಳು ಸೊನ್ನೆ. ಸ್ಟಾರ್ಟ್ ಆದ ತಕ್ಷಣ ಸೀದಾ 10ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೀಟರ್ ಹೋಗಿದೆಯಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹಾಸನ): ಮೀಟರ್ ಚೆನ್ನಾಗಿದೆ. ಮೊದಲು ಒಂದು ಕೆಲಸ ಮಾಡಿ. ಕಟ್ಟಿಟ್ಟ ಆ ಹಳೇ ವೈರ್ ಇವತ್ತೇ ವಾಪಸ್ ಸ್ವಿಚ್ಚಿಗೆ ಹಾಕಿ. ಈಗ ನಿಮ್ಮ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟಿಗೆ ಜೀವವೇ ಇಲ್ಲ. ಪ್ರೆಶರ್ ಬಿದ್ದರೂ ಅದು ಹತ್ತುವುದಿಲ್ಲ.

ಕಂಪನಿಯಿಂದ ಬಂದಿರುವುದು ಬರೀ ಸ್ವಿಚ್. ಪ್ರೆಶರ್ ಇಲ್ಲದಿದ್ದಾಗ ಒಳಗೆ ಗಾಡಿಯ ಬಾಡಿಗೆ ಅರ್ಥ್ ಆಗುತ್ತದೆ, ಪ್ರೆಶರ್ ಬಂದ ಕೂಡಲೇ ಬಿಟ್ಟುಕೊಳ್ಳುತ್ತದೆ. ಮಧ್ಯದ ಲೆಕ್ಕ ಅದಕ್ಕೆ ಗೊತ್ತಿಲ್ಲ. ಮೀಟರಿಗೆ ಬೇಕಾಗಿರುವುದು ಸೆಂಡರ್. ಪ್ರೆಶರ್ ಏರಿದಂತೆ ಅದರ ಓಮ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುತ್ತಾ ಹೋಗುತ್ತದೆ.

ನೀವು ಬರೆದಿದ್ದರಲ್ಲೇ ಇನ್ನೊಂದು ಸುಳಿವು ಇದೆ. ಅರ್ಥ್ ಆದಾಗ ಸೊನ್ನೆ, ಬಿಟ್ಟಾಗ ಕೊನೆ. ಅಂದರೆ ನಿಮ್ಮದು ಜರ್ಮನಿಯ ವಿಡಿಒ ಕಂಪನಿ ಮಾದರಿಯ 10–180 ಓಮ್ಸ್ ಮೀಟರ್. ಅಮೆರಿಕದ 240–33 ಓಮ್ಸ್ ಮೀಟರ್ ಆಗಿದ್ದರೆ ಮುಳ್ಳು ಇದಕ್ಕೆ ಪೂರಾ ಉಲ್ಟಾ ಹೋಗುತ್ತಿತ್ತು. ಹಾಗಾಗಿ ಅಂಗಡಿಯಲ್ಲಿ 10–180 ಓಮ್ಸ್, 10 ಬಾರ್ ಸೆಂಡರ್ ಅಂತ ಸ್ಪಷ್ಟವಾಗಿ ಕೇಳಿ. 5 ಬಾರ್‌ದು ಕೊಟ್ಟರೆ ಬೇಡ ಅನ್ನಿ. ಓಮ್ಸ್ ಒಂದೇ ಇರುವುದರಿಂದ ಮುಳ್ಳು ಚೆನ್ನಾಗೇ ಆಡುತ್ತದೆ. ಆದರೆ ನಿಜವಾದ ಪ್ರೆಶರ್ 1 ಇದ್ದರೆ ಮೀಟರ್ 2 ತೋರಿಸುತ್ತದೆ. ಎಂಜಿನ್ ಸಾಯುತ್ತಿದ್ದರೂ ಎಲ್ಲ ಸರಿ ಇದೆ ಅಂತ ಕೂತಿರುತ್ತೀರಿ.

ಥ್ರೆಡ್ ಇನ್ನೂ ಮುಖ್ಯ. ಜಪಾನಿ ಎಂಜಿನ್‌ಗಳಲ್ಲಿ ಆಯಿಲ್ ಸ್ವಿಚ್ಚಿಗೆ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ ಥ್ರೆಡ್ (ಬ್ರಿಟಿಷ್ ಅಳತೆಯದು), ಇಂಚಿಗೆ 28 ಸುತ್ತು. ಅಮೆರಿಕದ 1/8 ಎನ್‌ಪಿಟಿ ಇಂಚಿಗೆ 27. ಅಮೆರಿಕದ ಥ್ರೆಡ್ಡಿನ ಸೆಂಡರ್ ಹಾಕಿದರೆ ಎರಡು ಸುತ್ತು ಆರಾಮಾಗಿ ಹೋಗಿ ಆಮೇಲೆ ಬಿಗಿ ಹಿಡಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಬೇಡಿ. ನಿಮ್ಮದು ಅಲ್ಯೂಮಿನಿಯಂ ಬ್ಲಾಕ್, ಥ್ರೆಡ್ ಕಿತ್ತುಬರುತ್ತದೆ. ಹಳೇ ಸ್ವಿಚ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಲೈಟೂ ಬೇಕು, ಮೀಟರೂ ಬೇಕು ಅಂದರೆ ಟೀ ಜಾಯಿಂಟ್ (ಇಂಗ್ಲಿಷ್ ‘T’ ಆಕಾರದ ಮೂರು ಬಾಯಿಯ ಜಾಯಿಂಟ್) ಹಾಕಬೇಕು. ಆದರೆ ಟೀ ಮೇಲೆ ಸೆಂಡರನ್ನು ನೇರವಾಗಿ ನೇತುಹಾಕಬೇಡಿ. ಸೆಂಡರ್ ತೂಕದ ಡಬ್ಬಿ, ಎಂಜಿನ್ ಜೊತೆ ಇಡೀ ದಿನ ನಡುಗುತ್ತದೆ. ಒಂದು ಜೀಪ್ ನಮ್ಮ ಶೆಡ್ಡಿಗೆ ಎಳೆದುಕೊಂಡು ಬಂದಿತ್ತು. ಹಿತ್ತಾಳೆ ಟೀ, ಥ್ರೆಡ್ಡಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟು ಆಮೇಲೆ ಮುರಿದಿತ್ತು. ಆಯಿಲ್ ಪೂರ್ತಿ ರಸ್ತೆ ಪಾಲು, ಬೇರಿಂಗ್ ಹೋಗಿತ್ತು. ಬ್ಲಾಕಿನಿಂದ ಒಂದು ಸ್ಟೀಲ್ ಹೆಣಿಗೆಯ ಹೋಸ್ ತಂದು, ಟೀ, ಸ್ವಿಚ್, ಸೆಂಡರ್ ಮೂರನ್ನೂ ಗಾಡಿಯ ಬಾಡಿಗೆ ಪಟ್ಟಿ ಹಾಕಿ ಕೂರಿಸಿ. ಆಗ ಅವಕ್ಕೆ ಎಂಜಿನ್ ಅರ್ಥ್ ತಪ್ಪುತ್ತದೆ, ಒಂದು ಕಪ್ಪು ವೈರ್ ಎಂಜಿನ್ನಿಗೆ ಎಳೆಯಲೇಬೇಕು.

ವೈರಿಂಗ್ ಸುಲಭ. ಪ್ಲಸ್ಸನ್ನು ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ ತೆಗೆದುಕೊಳ್ಳಿ, ಟೆಸ್ಟ್ ಲ್ಯಾಂಪ್ ಹಿಡಿದು ಖಾತ್ರಿ ಮಾಡಿಕೊಳ್ಳಿ, 3 ಆಂಪಿಯರ್ ಫ್ಯೂಸ್ ಹಾಕಿ. ಸೆಂಡರ್ ವೈರನ್ನು ಸೈಲೆನ್ಸರ್ ಕಡೆ ಬಿಡದೆ, ರಬ್ಬರ್ ಬುಶ್ ಇರುವ ತೂತಿನಿಂದಲೇ ಒಳಗೆ ತನ್ನಿ. ಸೆಂಡರ್‌ಗೆ ಎರಡು ಪಿನ್ ಇದ್ದರೆ ‘ಜಿ’ ಮೀಟರಿಗೆ, ‘ಡಬ್ಲ್ಯುಕೆ’ ವಾರ್ನಿಂಗ್ ಲೈಟಿಗೆ. ಅಂಥ ಸೆಂಡರ್ ಸಿಕ್ಕರೆ ಟೀ ತಂಟೆಯೇ ಇಲ್ಲ.

ಇನ್ನೊಬ್ಬ ಸದಸ್ಯರು: ಅಣ್ಣಾ, ನನ್ನ ಗಾಡಿಯಲ್ಲಿ ಹೆಡ್‌ಲೈಟ್ ಹಾಕಿದರೆ ಆಯಿಲ್ ಮೀಟರ್ ಮುಳ್ಳು ಜಿಗಿಯುತ್ತದೆ. ಪ್ರೆಶರ್ ನಿಜವಾಗಿ ಬದಲಾಗುತ್ತಾ?

ಉತ್ತರ: ಇಲ್ಲ, ಅದು ಅರ್ಥ್ ದೋಷ. ಮೀಟರಿನ ಮೈನಸ್ಸನ್ನು ಲೈಟಿನ ಅರ್ಥ್ ಜೊತೆ ಒಂದೇ ಬೋಲ್ಟಿಗೆ ಕೊಟ್ಟಿದ್ದೀರಿ ಅನ್ನಿಸುತ್ತದೆ. ಬೇರೆ ಬೋಲ್ಟಿಗೆ ಹಾಕಿ, ಕೆಳಗಿನ ಪೇಂಟ್ ಕೆರೆದು ಬಿಗಿ ಮಾಡಿ. ಸೆಂಡರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದ್ದರೂ ಅರ್ಥ್ ಸರಿಯಾಗಿ ಸಿಗುವುದಿಲ್ಲ.

ಮೊದಲ ಪ್ರಶ್ನೆ ಕೇಳಿದವರು, ಎರಡು ವಾರದ ನಂತರ: ಅಣ್ಣ, ಹೋಸ್ ಹಾಕಿಸಿದೆ, ಎರಡು ಪಿನ್ನಿನ ಸೆಂಡರ್ ಸಿಕ್ಕಿತು. ಬೆಳಿಗ್ಗೆ ತಣ್ಣಗಿದ್ದಾಗ 4 ದಾಟುತ್ತದೆ. ಶಿರಾಡಿ ಘಾಟಿ ಹತ್ತಿ ಬಂದು ನಿಲ್ಲಿಸಿದರೆ ಐಡಲ್‌ನಲ್ಲಿ 1ಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಭಯ ಪಡಬೇಕಾ?

ಉತ್ತರ: ಬೇಡ. ಆಯಿಲ್ ಬಿಸಿಯಾದರೆ ತೆಳುವಾಗುತ್ತದೆ, ಪ್ರೆಶರ್ ಇಳಿಯುವುದು ಸಹಜ. ಬಿಸಿ ಎಂಜಿನ್‌ಗೆ ಪ್ರತಿ 1000 ಆರ್‌ಪಿಎಮ್‌ಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಅಂತ ನಾವು ಲೆಕ್ಕ ಹಾಕುತ್ತೇವೆ. ಓಡುವಾಗ ಮುಳ್ಳು ದಿಢೀರ್ ಸೊನ್ನೆಗೆ ಬಿದ್ದು ಕೆಂಪು ಲೈಟೂ ಹತ್ತಿದರೆ ತಕ್ಷಣ ಎಂಜಿನ್ ಆಫ್ ಮಾಡಿ. ಮುಳ್ಳು ಒಂದೇ ಬಿದ್ದು ಲೈಟ್ ಹತ್ತದಿದ್ದರೂ ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ, ಆಮೇಲೆ ವೈರ್ ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಹೋಸಿನ ಎರಡೂ ತುದಿಗೆ ಬಿಳಿ ಬಟ್ಟೆ ಒತ್ತಿ ನೋಡಿ. ಕಲೆ ಬಂದರೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.