ಅಕ್ವೇರಿಯಂ ಸ್ಟ್ಯಾಂಡಿನ ಬೋಲ್ಟ್ ತುಕ್ಕು ಹಿಡಿದಿದೆ, ಬದಲಿಸಿದವರು ಇದ್ದೀರಾ?

ಪ್ರಶ್ನೆ (ಉಡುಪಿ ಹತ್ತಿರದಿಂದ):
ನಮಸ್ಕಾರ. ಮನೆಯಲ್ಲಿ ಮೂರಡಿ ಟ್ಯಾಂಕ್ ಇದೆ. ನಾಲ್ಕು ವರ್ಷದ ಕಬ್ಬಿಣದ ಸ್ಟ್ಯಾಂಡ್, ಎಂಟು ಬೋಲ್ಟ್ ಹಾಕಿ ಜೋಡಿಸಿದ್ದು. ಈ ಮಳೆಗಾಲದಲ್ಲಿ ನೋಡಿದರೆ ಹಿಂದಿನ ಎರಡು ಬೋಲ್ಟ್ ಪೂರ್ತಿ ತುಕ್ಕು, ಬೆರಳು ತಾಗಿದರೆ ಪುಡಿ ಉದುರುತ್ತದೆ. ನೀರು ತೆಗೆಯದೆ ಒಂದೊಂದಾಗಿ ಬದಲಿಸಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ (ಮಂಗಳೂರು):
ನೀರು ಇರುವಾಗ ಸ್ಪ್ಯಾನರ್ ಹಾಕಲೇಬೇಡಿ. ಒಂದು ಬಿಚ್ಚಿದರೆ ಉಳಿದ ಏಳು ಹಿಡಿದುಕೊಳ್ಳುತ್ತವೆ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತುಂಬಿದರೆ ಸುಮಾರು 127 ಲೀಟರ್, ಅಂದರೆ ನೀರೇ 127 ಕೆಜಿ, ಗಾಜು, ಕಲ್ಲು ಎಲ್ಲ ಸೇರಿದರೆ 160 ಕೆಜಿ ಹತ್ತಿರ ಹೋಗುತ್ತದೆ. ತುಕ್ಕು ಹಿಡಿದ ಬೋಲ್ಟ್ ಸುಮ್ನೆ ತಿರುಗಿ ಬರುವುದಿಲ್ಲ, ಜೋರು ಹಾಕಬೇಕು, ಆ ಜೋರಿಗೆ ಸ್ಟ್ಯಾಂಡ್ ಸ್ವಲ್ಪ ತಿರುಚಿಕೊಂಡರೂ ಪೆಟ್ಟು ಬೀಳುವುದು ಗಾಜಿನ ಮೂಲೆಯ ಸಿಲಿಕೋನ್ ಅಂಟಿಗೆ.

ನಾನು ಮಾಡಿದ್ದು ಹೀಗೆ. ಟ್ಯಾಂಕಿನ ನೀರನ್ನೇ ಎರಡು ದೊಡ್ಡ ಬಕೆಟ್‌ಗೆ ತುಂಬಿ ಮೀನು ಬಿಟ್ಟೆ. ಏರ್ ಪಂಪ್ ಹಾಕಿ ಮೇಲೆ ತಟ್ಟೆ ಮುಚ್ಚಿದೆ, ಇಲ್ಲದಿದ್ದರೆ ಹಾರುತ್ತವೆ. ಫಿಲ್ಟರ್ ಸ್ಪಾಂಜನ್ನೂ ಅದೇ ನೀರಲ್ಲಿ ಮುಳುಗಿಸಿಟ್ಟೆ. ಒಣಗಿದರೆ ನೀರನ್ನು ಶುದ್ಧವಾಗಿಡುವ ಅದರೊಳಗಿನ ಬ್ಯಾಕ್ಟೀರಿಯಾ ಸಾಯುತ್ತದೆ, ನಲ್ಲಿ ನೀರಲ್ಲಿ ತೊಳೆದರೂ ಕ್ಲೋರಿನ್‌ಗೆ ಹೋಗುತ್ತದೆ. ಉಳಿದ ನೀರನ್ನೂ ಕಲ್ಲನ್ನೂ ತೆಗೆದು, ಇಬ್ಬರು ಸೇರಿ ಟ್ಯಾಂಕನ್ನು ಸಮ ನೆಲದ ಮೇಲೆ ಥರ್ಮೋಕೋಲ್ ಹಾಸಿ ಇಟ್ಟೆವು. ಕಲ್ಲು ಇರುವಾಗಲೇ ಎತ್ತಿದರೆ ತಳದ ಗಾಜು ಬಿರುಕು ಬಿಡಬಹುದು.

ಬೋಲ್ಟ್ ಬಿಚ್ಚಲು ವೈರ್ ಬ್ರಷ್‌ನಲ್ಲಿ ಉಜ್ಜಿ, ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಟ್ಟೆ. (ಡಬ್ಲ್ಯುಡಿ-40 ಇನ್ನೂ ಒಳ್ಳೆಯದು, ಆದರೆ ಯಾವುದೇ ಸ್ಪ್ರೇ ಆದರೂ ಸ್ಟ್ಯಾಂಡನ್ನು ಹೊರಗೆ ತಂದಮೇಲೆಯೇ ಹೊಡೆಯಿರಿ, ಮೀನಿಗೆ ವಿಷ.) ಬೆಳಿಗ್ಗೆ ಮೊದಲು ಬಿಗಿ ಮಾಡುವ ಕಡೆಗೆ ಒಂಚೂರು ತಿರುಗಿಸಿ. ಟಕ್ ಅಂದರೆ ತುಕ್ಕು ಬಿಟ್ಟಿತು ಅಂತ ಅರ್ಥ, ಆಮೇಲೆ ಬಿಚ್ಚಿ. ಸಾಮಾನ್ಯವಾಗಿ ಎಂ8 (8 ಮಿ.ಮೀ. ದಪ್ಪದ) ಬೋಲ್ಟ್ ಇರುತ್ತದೆ, 13ರ ಸ್ಪ್ಯಾನರ್ ಬೇಕು. ಒಂದು ಹಳೆ ಬೋಲ್ಟ್ ಜೊತೆಗೇ ತಗೊಂಡು ಹೋಗಿ, ಉದ್ದ ಅಳೆದು ಕೊಡುತ್ತಾರೆ. ನಾನು ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ತಗೊಂಡೆ.

ಇನ್ನೊಂದು ಮಾತು. ಹಿಂದಿನ ಎರಡಕ್ಕೇ ಯಾಕೆ ತುಕ್ಕು ಬಂತು? ನನಗೂ ಹಿಂದಿನದ್ದೇ ಹೋಗಿತ್ತು. ಒಂದು ರಾತ್ರಿ ಟಾರ್ಚ್ ಹಿಡಿದು ಗೋಡೆ ಸಂದಿಯಲ್ಲಿ ಬಗ್ಗಿ ನೋಡಿದೆ. ಫಿಲ್ಟರ್ ವೈರಿನ ಮೇಲೆ ಒಂದು ಹನಿ ನಿಧಾನಕ್ಕೆ ಜಾರುತ್ತಾ ಬಂತು, ವೈರ್ ಸ್ಟ್ಯಾಂಡಿಗೆ ತಾಗುವ ಜಾಗದಲ್ಲಿ ನಿಂತಿತು, ಆಮೇಲೆ ಅಲ್ಲಿಂದ ಸೀದಾ ಬೋಲ್ಟ್ ತಲೆ ಮೇಲೆ ಬಿತ್ತು. ಎರಡು ವರ್ಷ ಹೀಗೇ ಬಿದ್ದಿರಬೇಕು. ಈಗ ವೈರನ್ನು ಪ್ಲಗ್‌ಗಿಂತ ಕೆಳಗೆ ಜೋತು ಬೀಳುವ ಹಾಗೆ, ಸ್ಟ್ಯಾಂಡಿಗೆ ತಾಗದಂತೆ ಬಿಟ್ಟಿದ್ದೇನೆ. ಹನಿ ಆ ತುದಿಯಿಂದ ನೆಲಕ್ಕೆ ಬೀಳುತ್ತದೆ, ಪ್ಲಗ್ ಒಳಗೂ ಹೋಗುವುದಿಲ್ಲ. ಇದು ಮಾಡದೆ ಎಷ್ಟು ಹೊಸ ಬೋಲ್ಟ್ ಹಾಕಿದರೂ ಮತ್ತೆ ಅದೇ ಕತೆ.

ಉತ್ತರ (ಹುಬ್ಬಳ್ಳಿ):
ಮೇಲಿನವರು ಹೇಳಿದ್ದು ಸರಿ. ಆದರೆ ಬೋಲ್ಟ್ ತರುವ ಮೊದಲು ಕಾಲು ನೋಡಿ. ಸ್ಟ್ಯಾಂಡ್ ಚೌಕ ಪೈಪಿನದಾ? ಹಾಗಿದ್ದರೆ ಬೋಲ್ಟ್ ತೂತಿನಿಂದ ನೀರು ಒಳಗೆ ಇಳಿದು, ತಳದಲ್ಲಿ ನಿಂತು, ಒಳಗಿಂದ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಪಾನಾದ (ಸ್ಪ್ಯಾನರ್) ಹಿಡಿಯಿಂದ ಕಾಲಿನ ಉದ್ದಕ್ಕೂ ತಟ್ಟಿ. ಗಟ್ಟಿ ಪೈಪ್ ಠಣ್ ಅನ್ನುತ್ತದೆ, ತಿಂದು ಹೋಗಿದ್ದರೆ ಮಂದವಾಗಿ ಡಬ್ ಅನ್ನುತ್ತದೆ. ನಮ್ಮದರಲ್ಲಿ ತಟ್ಟಿದ ಜಾಗದಲ್ಲೇ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಅಂಥ ಕಾಲಿಗೆ ಹೊಸ ಬೋಲ್ಟ್ ಹಾಕಿ ಪ್ರಯೋಜನ ಇಲ್ಲ, ವೆಲ್ಡಿಂಗ್ ಶಾಪಿಗೆ ಒಯ್ದು ಕಾಲೇ ಬದಲಿಸಬೇಕು.

ಬೋಲ್ಟ್ ಮುರಿದು ಕೂತರೆ ಗ್ರೈಂಡರ್‌ನಲ್ಲಿ ಕತ್ತರಿಸಬೇಕಾಗಬಹುದು. ಆಗ ಟ್ಯಾಂಕ್ ಬೇರೆ ಕೋಣೆಯಲ್ಲಿರಲಿ. ನಮ್ಮಲ್ಲಿ ಪಕ್ಕದಲ್ಲೇ ಇತ್ತು, ಕಿಡಿ ಹಾರಿ ಗಾಜಿನ ಮೇಲೆ ಕಂದು ಚುಕ್ಕೆಗಳಾಗಿ ಕೂತಿವೆ. ಉಜ್ಜಿದರೂ ಹೋಗಿಲ್ಲ.

ಉತ್ತರ (ಕಾರವಾರ):
ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದೇ ಹಾಕಿ. ಸಿಹಿನೀರಿನ ಟ್ಯಾಂಕಿಗೆ 304 ದರ್ಜೆಯ ಸ್ಟೀಲ್ ಸಾಕು. ನಮ್ಮದು ಉಪ್ಪುನೀರಿನದು, ಅದಕ್ಕೆ 316 ಹಾಕಿದ್ದೇನೆ, ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ ಒಣಗಿದ್ದು ಹಾಕಿ ರಭಸದಿಂದ ಬಿಗಿದರೆ ಅರ್ಧದಲ್ಲೇ ಕಚ್ಚಿ ನಿಂತುಬಿಡುತ್ತದೆ, ಬೋಲ್ಟಿನ ಮರೆಗೆ (ಥ್ರೆಡ್‌ಗೆ) ಚೂರು ಗ್ರೀಸ್ ಹಚ್ಚಿ ಕೈಯಲ್ಲಿ ನಿಧಾನ ತಿರುಗಿಸಿ. ವಾಷರ್ ಕೂರುವ ಜಾಗವನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಎನಾಮೆಲ್ ಬಣ್ಣ ಹೊಡೆಯಿರಿ. ತೂತಿನ ಒಳಗಂಚಿಗೂ ಬಣ್ಣ ಹೋಗಬೇಕು. ಎಲ್ಲರೂ ಬಿಡುವುದು ಅದನ್ನೇ.

ಪ್ರಶ್ನೆ ಕೇಳಿದವರು:
ಭಾನುವಾರ ಮಾಡಿ ಮುಗಿಸಿದೆವು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಲು ತಟ್ಟಿ ನೋಡಿದೆ, ನಾಲ್ಕೂ ಠಣ್ ಅಂದವು. ಒಂದು ಬೋಲ್ಟಿನ ತಲೆ ಮುರಿದು ಬಂತು, ಹ್ಯಾಕ್ಸಾದಲ್ಲಿ ಕತ್ತರಿಸಿದೆ. ಎಂಟೂ ಬದಲಿಸಿ, ಖಾಲಿ ಟ್ಯಾಂಕ್ ಇಟ್ಟು ರಸಮಟ್ಟ ನೋಡಿ, ಅರ್ಧ ನೀರು ತುಂಬಿಸಿ ಮತ್ತೆ ನೋಡಿದೆ, ಸಮ ಇತ್ತು. ಮೀನು ಎಲ್ಲ ಚೆನ್ನಾಗಿವೆ. ವೈರ್ ಜೋತು ಬಿಟ್ಟು ಕೆಳಗೆ ಪೇಪರ್ ಹಾಸಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಪೇಪರ್ ಮೇಲೆ ಅಂಗೈ ಅಗಲ ಒದ್ದೆ, ಬೋಲ್ಟ್ ಮಾತ್ರ ಒಣಗಿತ್ತು.