ಅಳಿಯ ಮಹಾದೇವ

"ಮಾವನ ಮನೆಯಲ್ಲಿ ಮರ್ಯಾದೆ ಸಿಗದೇ ಹೋದ ಮೊಟ್ಟಮೊದಲ ಅಳಿಯ ಯಾರು, ಹೇಳಿ ನೋಡೋಣ" ಎಂದು ಗೀತಕ್ಕ ಸವಾಲು ಹಾಕಿದಳು.

"ನಾನೇ" ಎಂದ ಪುಟ್ಸಾಮಿ, ತಲೆ ಎತ್ತದೆ.

"ನೀನು ಕೊನೆಯವನು ಕಣೋ. ಮೊದಲನೆಯವನು ಮಹಾದೇವ!"

ಅವಳ ಮೊಬೈಲಿನಲ್ಲಿ 'ಹರ ಹರ ಮಹಾದೇವ' ಧಾರಾವಾಹಿಯ ಹಳೆಯ ತುಣುಕು ಓಡುತ್ತಿತ್ತು. ಸತಿ ಕಣ್ಣೆತ್ತಿ ನೋಡುತ್ತಾಳೆ. ಶಿವ ನೋಡುತ್ತಾನೆ. ನಂದಿ ಇಬ್ಬರನ್ನೂ ನೋಡುತ್ತಾನೆ. ಹಿಂದೆ ಕೊಳಲು, ಮುಂದೆ ಮಂಜು. ಇಷ್ಟಕ್ಕೇ ಅರ್ಧ ಕಂತು ಮುಗಿದಿರುತ್ತಿತ್ತು. 2016ರಲ್ಲಿ ಸ್ಟಾರ್ ಸುವರ್ಣದಲ್ಲಿ ಇದು ಶುರುವಾದಾಗ ನಮ್ಮ ಬೀದಿಯಲ್ಲಿ ಕುಕ್ಕರ್ ಕೂಗೋದು ಕೂಡ ಜಾಹೀರಾತಿನ ಹೊತ್ತಿಗೇ. ಹಿಂದಿಯಲ್ಲಿ 2011ರಿಂದ 2014ರವರೆಗೆ 820 ಕಂತು ಓಡಿದ ಕಥೆ ಅದು. ಡಬ್ ಮಾಡದೆ, ಕನ್ನಡದ ನಟರನ್ನೇ ಹಾಕಿ ಹೊಸದಾಗಿ ತೆಗೆದರು. ಶಿವನಾಗಿ ವಿನಯ್ ಗೌಡ, ಸತಿಯಾಗಿ ಸಂಗೀತಾ ಶೃಂಗೇರಿ.

"ಭಕ್ತಿ ಧಾರಾವಾಹಿ ಅಂತ ಹೆಸರು ಮಾತ್ರ ಮಾರಾಯ್ರೆ" ಎಂದರು ಕುಂದಾಪುರದ ಭಟ್ರು, "ಅದರಲ್ಲಿ ಭಕ್ತಿ ಒಗ್ಗರಣೆಯಷ್ಟು. ಮಿಕ್ಕಿದ್ದೆಲ್ಲ ಸಂಸಾರ ತಾಪತ್ರಯ."

"ಅದಕ್ಕೇ ಓಡಿದ್ದು!" ಗೀತಕ್ಕ ಮೇಜು ಕುಟ್ಟಿದಳು. "ಶಿವ ಮೂರನೇ ಕಣ್ಣು ಬಿಟ್ಟ ದಿನ ನಮ್ಮತ್ತೆ ಆಕಳಿಸ್ತಿದ್ರು. ದಕ್ಷ ಮಗಳಿಗೆ 'ನಿನಗೂ ನನಗೂ ಋಣ ಹರೀತು' ಅನ್ನೋ ಥರ ಮುಖ ತಿರುಗಿಸಿದ ದಿನ ಊಟ ಬಿಟ್ರು."

ನನ್ನ ಅಭಿಪ್ರಾಯ ಕೇಳಿದರೆ, ಇಡೀ ಧಾರಾವಾಹಿಯಲ್ಲಿ ಹೊಟ್ಟೆ ತುಂಬ ಮಾತಾಡಿದ ಪಾತ್ರ ದಕ್ಷನದು. ಅವನ ಕಡೆಯಿಂದ ನೋಡಿ. ಪ್ರಜಾಪತಿ, ಬ್ರಹ್ಮನ ಮಗ, ಊರಿಗೆಲ್ಲ ಕಾನೂನು ಹೇಳುವವನು. ಮಗಳು ಕರೆದುಕೊಂಡು ಬಂದ ಹುಡುಗನ ಜಾತಕ ಹೀಗಿದೆ: ವಾಸ ಸ್ಮಶಾನ, ಉಡುಪು ಚರ್ಮ, ಮೈಗೆ ಬೂದಿ, ಆಭರಣ ಹಾವು, ವಾಹನ ಎತ್ತು, ಗೆಳೆಯರ ಬಳಗ ಭೂತಗಣ. ಕೆಲಸ ಏನಪ್ಪ ಅಂದರೆ ಧ್ಯಾನ. ಯಾವ ತಂದೆ ಒಪ್ಪುತ್ತಾನೆ?

"ಕಾಳಿದಾಸ ಇದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದಾನೆ" ಎಂದರು ಭಟ್ರು. "ಕುಮಾರಸಂಭವದಲ್ಲಿ ಶಿವನೇ ಬ್ರಹ್ಮಚಾರಿಯ ವೇಷದಲ್ಲಿ ಬಂದು ಪಾರ್ವತಿ ಹತ್ರ ತನ್ನನ್ನೇ ಬೈಕೊಳ್ಳುವುದುಂಟು. ಅವನ ಕಣ್ಣು ಸರಿಯಿಲ್ಲ, ಹುಟ್ಟು ಯಾವುದೋ ಗೊತ್ತಿಲ್ಲ, ಮೈಮೇಲೆ ಬಟ್ಟೆಯೇ ಇಲ್ಲದವನ ಆಸ್ತಿ ಎಷ್ಟಿದ್ದೀತು ಅಂತ."

"ಹುಡುಗೀನ ನೋಡಾಕ್ ಬಂದು ತನ್ನ ಬಗ್ಗೆ ತಾನಽ ಚಾಡಿ ಹೇಳಿದ ಏಕೈಕ ವರ ನೋಡ್ರೀ ಅವಾ" ಎಂದು ಹುಬ್ಬಳ್ಳಿ ಬಸಣ್ಣ ನಕ್ಕ. "ನಮ್ಮ ಕಡೆ ಆ ಕೆಲಸಾನ ಮಗ್ಗಲಮನಿಯವ್ರು ಪುಕ್ಕಟೆ ಮಾಡ್ತಾರ."

"ಅತ್ತೆಯ ಕಥೆ ಕೇಳಿ" ಎಂದು ಭಟ್ರು ಹುರುಪಾದರು. "ದಿಬ್ಬಣ ಬಂತು ಅಂತ ಮೇನಾದೇವಿ ಅಳಿಯನನ್ನು ನೋಡಲಿಕ್ಕೆ ಬರ್ತಾಳೆ. ಮುಂದೆ ಭೂತಗಳು, ಹಿಂದೆ ಪಿಶಾಚಿಗಳು, ನಡುವೆ ಬೂದಿ ಬಡುಕೊಂಡ ವರ. ನೋಡಿದವಳೇ ಮೂರ್ಛೆ! ಶಿವಪುರಾಣದಲ್ಲೇ ಇದೆ."

"ನಮ್ಮ ದಿಬ್ಬಣ ನೋಡಿ ನಮ್ಮತ್ತೆ ಮೂರ್ಛೆ ಹೋಗ್ನಿಲ್ಲ. ಬಸ್ಸಿಂದ ಇಳ್ಯೋರ್ನ ಒಬ್ಬೊಬ್ರಂಗೆ ಎಣಿಸ್ತಾ ನಿಂತಿದ್ರು" ಎಂದ ಪುಟ್ಸಾಮಿ. "ಈಗ ಗೃಹಪ್ರವೇಶ ಅಂತೆ, ವಾಟ್ಸಾಪಲ್ಲಿ ಕಾರ್ಡ್ ಹಾಕವ್ರೆ. ಗ್ರೂಪಿಗೆ! ನಂಗೆ ಅಂತ ಬೇರೆ ಹಾಕಿಲ್ಲ. ಹೆಂಡ್ರು ಹೊಂಟ್ಕಂಡವ್ಳೆ."

ಗೀತಕ್ಕನ ಮುಖ ಗಂಭೀರವಾಯಿತು. "ಅದೇ ಸತಿ ಮಾಡಿದ ತಪ್ಪು. ಕರೆಯದ ಯಜ್ಞಕ್ಕೆ ಹೋಗಬಾರದಿತ್ತು."

"ತೌರಿಗೆ ಕರೆ ಯಾಕೆ ಅಂತ ಅವಳ ವಾದ" ಎಂದರು ಭಟ್ರು. "ನಮ್ಮ ಯಕ್ಷಗಾನದಲ್ಲಿ ದಕ್ಷಯಜ್ಞ ಪ್ರಸಂಗಕ್ಕೆ ಜನ ಬೆಳಗಿನವರೆಗೆ ಕೂರುವುದು ಯಾಕೆ ಹೇಳಿ? ಈಶ್ವರ ಬೇಡ ಅಂತಾನೆ, ದಾಕ್ಷಾಯಿಣಿ ಹೋಗ್ತೇನೆ ಅಂತಾಳೆ. ಇಷ್ಟೇ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಈ ಎರಡು ಮಾತನ್ನು ಒಂದು ತಾಸು ಎಳೀತಾರೆ. ಮುಂದೆ ಕೂತ ಹೆಂಗಸರೆಲ್ಲ ದಾಕ್ಷಾಯಿಣಿ ಕಡೆ, ಗಂಡಸರೆಲ್ಲ ಶಿವನ ಕಡೆ. ಮನೆಗೆ ಹೋದ ಮೇಲೂ ಜಗಳ ಮುಗಿಯುವುದಿಲ್ಲ."

ಬಸಣ್ಣ ಬಿಟ್ಟಾನೆಯೇ? "ನಿಮ್ಮದು ಬರೇ ಮಾತಿನ ಜಗಳ ಬಿಡ್ರಿ. ನಮ್ಮ ಕಡೆ ಪುರವಂತರು, ಈ ಕಡೆ ವೀರಗಾಸೆ. ಕತ್ತಿ ಹಿಡಕೊಂಡು ಒಡಪು ಹೇಳಾಕ ನಿಂತ್ರ ಮೈಮ್ಯಾಲಿನ ಕೂದಲಾ ನಿಂದರ್ತಾವು. ಸತಿ ಸುಟ್ಟುಕೊಂಡ್ಲು ಅಂತ ಕೇಳಿದ್ದಽ ತಡ, ಶಿವಾ ತಲೀ ಮ್ಯಾಲಿಂದ ಒಂದು ಜಡೀ ಕಿತ್ತು ಒಗದಾ, ವೀರಭದ್ರ ಹುಟ್ಟಿ ಬಂದು ದಕ್ಷನ ತಲೀ ಹಾರಿಸಿದಾ. ಆಮ್ಯಾಲೆ ಎಲ್ಲಾರೂ ಕೈಕಾಲು ಹಿಡದ್ರು ಅಂತ ಆಡಿನ ತಲೀ ಹಚ್ಚಿ ಎಬ್ಬಿಸಿದ್ರು. ಆಹಾ ವೀರಾ, ಆಹಾ ರುದ್ರಾ!"

ಪುಟ್ಸಾಮಿ ತನ್ನ ನುಣ್ಣನೆಯ ತಲೆ ಸವರಿಕೊಂಡ. "ನಂಗೆ ಆ ಸವಲತ್ತೂ ಇಲ್ಲ ಕಣಣ್ಣ. ಕೋಪ ಬಂದ್ರೆ ಕಿತ್ತು ಎಸ್ಯಕೆ ಒಂದೆಳೆನೂ ಉಳಿದಿಲ್ಲ."

ಮಾತು ಇಲ್ಲಿಂದ ನಟರ ಕಡೆ ಹೊರಳಿತು. ದೇವರ ಪಾತ್ರ ಹಾಕಿದವರ ಪಾಡು ದೇವರಿಗೇ ಪ್ರೀತಿ ಎಂದು ನಾನೇ ಶುರುಮಾಡಿದೆ. ರಮಾನಂದ ಸಾಗರರ 'ರಾಮಾಯಣ' 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದಾಗ ಟೀವಿ ಪೆಟ್ಟಿಗೆಗೇ ಹೂ ಏರಿಸಿ, ಊದುಬತ್ತಿ ಹಚ್ಚಿ, ಚಪ್ಪಲಿ ಹೊರಗೆ ಬಿಟ್ಟು ಕೂರುತ್ತಿದ್ದ ಕಾಲ. ರಾಮನಾಗಿದ್ದ ಅರುಣ್ ಗೋವಿಲ್ ಒಮ್ಮೆ ಸಿಗರೇಟ್ ಸೇದುತ್ತಿದ್ದಾಗ ಒಬ್ಬ ಬಂದು ಚೆನ್ನಾಗಿ ಉಗಿದನಂತೆ. ಅಂದಿಗೆ ಬಿಟ್ಟೆ ಎಂದು ಅವರೇ ಟೀವಿಯಲ್ಲಿ ಹೇಳಿಕೊಂಡಿದ್ದಾರೆ.

"ಕಥೆ ಮುಗೀತು, ಸಾಕು ಅಂದಾಗ 1988ರಲ್ಲಿ ಜಲಂಧರದ ಪೌರಕಾರ್ಮಿಕರು ಮುಷ್ಕರ ಹೂಡಿದರು, ಗೊತ್ತಾ?" ಎಂದೆ. "ವಾಲ್ಮೀಕಿ ಸಮುದಾಯದವರು. ಲವಕುಶರ ಕಥೆ ತೋರಿಸದೆ, ವಾಲ್ಮೀಕಿ ಪೂರ್ತಿ ಬಾರದೆ ಅದೆಂಥ ರಾಮಾಯಣ ಅಂತ. ಕಸ ರಾಶಿ ಬಿತ್ತು. ಉತ್ತರ ರಾಮಾಯಣ ಬಂತು."

"ನ್ಯಾಯವಾದ ಬೇಡಿಕೆ" ಎಂದರು ಭಟ್ರು.

"ಅದೆಲ್ಲ ಇರ್ಲಿ, ಎಲೆಕ್ಷನ್ ಕಥೆ ಹೇಳಿ" ಎಂದಳು ಗೀತಕ್ಕ.

ಆ ಕಥೆ ನನಗೂ ಇಷ್ಟ. 1991ರ ಲೋಕಸಭಾ ಚುನಾವಣೆಯಲ್ಲಿ ಸೀತೆ ದೀಪಿಕಾ ಚಿಖಲಿಯಾ ಬರೋಡದಿಂದ ಗೆದ್ದರು, ರಾವಣ ಅರವಿಂದ ತ್ರಿವೇದಿ ಸಾಬರ್‌ಕಾಂಠಾದಿಂದ ಗೆದ್ದರು. ಇಬ್ಬರೂ ಒಂದೇ ಪಕ್ಷ. 1996ರಲ್ಲಿ 'ಮಹಾಭಾರತ'ದ ಕೃಷ್ಣ ನಿತೀಶ್ ಭಾರದ್ವಾಜ್ ಜೆಮ್‌ಶೆಡ್‌ಪುರದಿಂದ. ರಾಮ ಮಾತ್ರ ಮೀರತ್‌ನಿಂದ ಗೆದ್ದು ಸಂಸತ್ತಿಗೆ ಹೋದದ್ದು 2024ರಲ್ಲಿ.

"ಅಂದ್ರ ಸೀತಾ ರಾವಣಾ ಇಬ್ಬರೂ ಒಂದಽ ಸಾಲಿನ್ಯಾಗ ಕುಂತು ಬಿಲ್ ಪಾಸ್ ಮಾಡ್ಯಾರ, ರಾಮ ಮೂವತ್ತಮೂರು ವರ್ಷ ವನವಾಸ!" ಬಸಣ್ಣನಿಗೆ ನಗು ತಡೆಯಲಾಗಲಿಲ್ಲ.

"ಆ ಸೀತೆ ನಮ್ಮ ಶಂಕರನಾಗ್ ಜೊತೆ 'ಹೊಸ ಜೀವನ'ದಲ್ಲಿ ಹೀರೋಯಿನ್ನು" ಎಂದು ಗೀತಕ್ಕ ನೆನಪಿಸಿದಳು. "1990. ನಮ್ಮಜ್ಜಿ ಥಿಯೇಟರಲ್ಲಿ ಕೈಮುಗಿದು ಕೂತಿದ್ರು. ಆಮೇಲೆ ಕಥೆ ನೋಡ್ತಾ ನೋಡ್ತಾ ಕೈ ಇಳಿಸಿ ಕಡ್ಲೆಕಾಯಿ ತಿಂದ್ರು."

ನಮ್ಮ ಶಿವ-ಸತಿಯರ ಮುಂದಿನ ಜನ್ಮ ಇದಕ್ಕಿಂತ ರಸವತ್ತಾದದ್ದು. 2023ರ ಅಕ್ಟೋಬರಿನಲ್ಲಿ ಬಿಗ್ ಬಾಸ್ ಕನ್ನಡ ಹತ್ತನೇ ಸೀಸನ್ ಬಾಗಿಲು ತೆರೆಯಿತು. ಒಳಗೆ ವಿನಯ್ ಗೌಡ. ಒಳಗೆ ಸಂಗೀತಾ ಶೃಂಗೇರಿ. ಧಾರಾವಾಹಿ ನೋಡಿದವರೆಲ್ಲ, ಕೈಲಾಸ ಬಿಗ್ ಬಾಸ್ ಮನೆಗೆ ಬಂತು ಎಂದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇಬ್ಬರೂ ಎದುರುಬದುರು ಬಣ. ದಿನಾ ಬೆಳಗಾದರೆ ಕಿತ್ತಾಟ. ಶಿವನಿಗೆ ಅಲ್ಲಿ ಬಿದ್ದ ಹೆಸರು 'ಆನೆ'.

"ಮಗನಿಗೆ ಬರಬೇಕಿದ್ದ ಹೆಸರು ಅಪ್ಪನಿಗೆ ಬಂತು" ಎಂದರು ಭಟ್ರು.

"ನಮ್ಮವ್ವ ಒಂದಿನ ನೋಡ್ತಾ ನೋಡ್ತಾ ಗಾಬರಿ ಬಿದ್ದೋದ್ಲು" ಎಂದ ಪುಟ್ಸಾಮಿ. "'ಅಯ್ಯೋ ಶಿವನೇ, ಚೆಂದಾಗಿದ್ರಲ್ಲೋ, ಯಾರ ಕಣ್ಣು ಬಿತ್ತೋ, ಆ ದಕ್ಷ ಇಲ್ಲೂ ಬಂದು ಹುಳಿ ಹಿಂಡ್ದ್ನಾ' ಅಂತವ್ಳೆ. ಇದು ಬೇರೆ ಪ್ರೋಗ್ರಾಮು ಕಣವ್ವ ಅಂದ್ರೆ ಕೇಳಕ್ಕಿಲ್ಲ. ಸುದೀಪ್ ಬಂದು ಬುದ್ಧಿ ಹೇಳಿದ್ಮೇಲೆ ಸಮಾಧಾನ. 'ಬ್ರಹ್ಮ ಬಂದ ಬುಡು, ಇನ್ನು ಸರಿಹೋಯ್ತದೆ' ಅಂದ್ಲು."

"ಕೊನೆಗೆ ಏನಾಯ್ತು? ಸತಿ ಮೂರನೇ ಸ್ಥಾನ, ಶಿವ ನಾಲ್ಕನೇ ಸ್ಥಾನ. ಕಾರ್ತಿಕ್ ಮಹೇಶ್ ಗೆದ್ದ, ಡ್ರೋನ್ ಪ್ರತಾಪ್ ಎರಡನೇ ಸ್ಥಾನ" ಎಂದಳು ಗೀತಕ್ಕ. ಇಂಥ ಲೆಕ್ಕ ಅವಳಿಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ.

"ಕೂಡಿ ಆಡಿದ್ರ ಗೆಲ್ತಿದ್ರು" ಬಸಣ್ಣನ ತೀರ್ಪು. "ಅರ್ಧನಾರೀಶ್ವರ ಅಂತ ಒಂದಽ ಹೆಸರಿನ್ಯಾಗ ನಿಂತಿದ್ರ ಎರಡೂ ಕಡೆ ವೋಟು ಒಂದಽ ಡಬ್ಬಿಗೆ ಬೀಳ್ತಿದ್ವು."

ಭಟ್ರಿಗೆ ಈ ಮಾತು ಅಷ್ಟಾಗಿ ಹಿಡಿಸಲಿಲ್ಲ. ನಟರನ್ನು ದೇವರು ಮಾಡುವುದೂ ತಪ್ಪು, ದೇವರ ಪಾತ್ರ ಮಾಡಿದರು ಎಂದು ಅವರು ಪಾತ್ರೆ ತೊಳೆಯುವ ವಿಷಯಕ್ಕೆ ಜಗಳ ಆಡಬಾರದು ಎನ್ನುವುದೂ ತಪ್ಪು ಎಂದು ಗೊಣಗಿದರು. ಅವರು ಹೇಳಿದ್ದು ನಿಜ. ಯಕ್ಷಗಾನದಲ್ಲಿ ರಾತ್ರಿಯಿಡೀ ಈಶ್ವರನಾದವನು ಬೆಳಿಗ್ಗೆ ಬಣ್ಣ ತೆಗೆದು ಬೀಡಿ ಹಚ್ಚಿದರೆ ಊರಿನವರು ಬೆಂಕಿಪೊಟ್ಟಣ ಕೊಡುತ್ತಾರೆ. ಟೀವಿಯವನಿಗೆ ಆ ರಿಯಾಯಿತಿ ಇಲ್ಲ, ಅವನ ಬಣ್ಣ ತೆಗೆಯುವುದನ್ನು ಯಾರೂ ನೋಡಿರುವುದಿಲ್ಲ.

"ಅದಕ್ಕಿಂತ ಪಾಪ ಸೀರಿಯಲ್ ಬರೆಯೋರದು" ಎಂದಳು ಗೀತಕ್ಕ. "ಟಿಆರ್‌ಪಿ ಲೆಕ್ಕ ಬರೋದು ಗುರುವಾರ. ರಾಯರ ವಾರವೂ ಅದೇ. ಗುರುವಾರ ಮಠದ ಸಾಲಲ್ಲಿ ಯಾರಾದ್ರೂ ಸೀರಿಯಲ್‌ನವರು ನಿಂತಿದ್ರೆ ಭಕ್ತಿಗೋ ಭಯಕ್ಕೋ ಹೇಳೋಕಾಗಲ್ಲ."

"2020ರಾಗ ಲಾಕ್‌ಡೌನ್ ಟೈಮಿನ್ಯಾಗ 'ರಾಧಾಕೃಷ್ಣ' ಡಬ್ ಮಾಡಿ ಹಾಕಿದ್ರಲ್ಲ" ಬಸಣ್ಣ ನೆನೆದ. "ನನ್ನ ಮಗಳು ಅದನ್ನ ಬಿಟ್ಟು ಏಳ್ತಿರಲಿಲ್ಲ. ಹಿಂದಿ ಒಳಗ ಸಾವಿರದ ಮ್ಯಾಲ ಕಂತಂತ. ನನಗ ಅದು ಹಿಡಸಲಿಲ್ಲ ನೋಡ್ರಿ. ಬರೇ ಚಂದ."

"ಯಾಕೆ ಅಂದ್ರೆ ಅಲ್ಲಿ ಮಾವ ಇಲ್ಲ!" ಗೀತಕ್ಕ ಮತ್ತೆ ತನ್ನ ಸಿದ್ಧಾಂತಕ್ಕೆ ಬಂದಳು. "ರಾಧೆ ಕೃಷ್ಣ ಮದುವೆ ಆಗಲಿಲ್ಲ. ಬೀಗರಿಲ್ಲ, ಕರೆಯೋಲೆ ಇಲ್ಲ, 'ನಿಮ್ಮ ಕಡೆಯವರು ಹೀಗಂದ್ರು' ಇಲ್ಲ. ನೋಡಿ ಕಣ್ಣು ತಂಪಾಗುತ್ತೆ, ಎದ್ದು ಹೋಗ್ತೀವಿ. ಶಿವನದು ಹಾಗಲ್ಲ. ಒಂದು ಸಲ ಹೆಂಡತೀನ ಕಳ್ಕೊಂಡ. ಎರಡನೇ ಸಲ ಮದುವೆ ಬೇಡ ಅಂತ ಕಣ್ಣು ಮುಚ್ಚಿ ಕೂತ. ಅವಳೇ ಬಂದು ತಪಸ್ಸು ಮಾಡಿ ಎಬ್ಬಿಸಿದಳು. ಮನ್ಮಥ ನಡುವೆ ಬಂದು ಬೂದಿಯಾದ. ಇಷ್ಟೆಲ್ಲ ಆದ್ಮೇಲೆ ಇಬ್ಬರು ಮಕ್ಕಳು, ಒಬ್ಬ ಮುನಿಸಿಕೊಂಡು ಬೆಟ್ಟ ಹತ್ತಿದ. ಯಾರ ಮನೇಲಿಲ್ಲ ಇದು?"

"ಮನ್ಮಥ ಸುಟ್ಟಿದ್ದು ನಮ್ಮ ಹಂಪಿ ಒಳಗರೀ, ಹೇಮಕೂಟದ ಮ್ಯಾಲ" ಎಂದು ಬಸಣ್ಣ ಎದೆ ಸೆಟೆಸಿದ. ಸ್ಥಳಪುರಾಣ ಹಾಗೆ ಹೇಳುವುದು ಹೌದು. ಪಂಪಾದೇವಿ ತಪಸ್ಸು ಮಾಡಿ ವಿರೂಪಾಕ್ಷನನ್ನು ಒಲಿಸಿಕೊಂಡಳು, ದೇವತೆಗಳು ಚಿನ್ನದ ಮಳೆ ಸುರಿಸಿದರು. ಇಂದಿಗೂ ಅಲ್ಲಿ ಚಳಿಗಾಲದಲ್ಲಿ ಫಲಪೂಜೆ ಎಂದು ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ, ತೇರು.

"ವರ್ಷಾ ವರ್ಷಾ ಅದಽ ಹುಡುಗ, ಅದಽ ಹುಡುಗಿ, ಅದಽ ನಿಶ್ಚಯ. ಒಮ್ಮೆನೂ ಮುರದಿಲ್ಲ" ಎಂದ ಬಸಣ್ಣ.

"ಸೀರಿಯಲ್ ಆಗಿದ್ರೆ ತಾಳಿ ಕಟ್ಟೋ ಹೊತ್ಗೆ ಕರೆಂಟು ಹೋಗಿ, ಬಂದಾಗ ಪಕ್ಕದಲ್ಲಿ ಬೇರೆ ಹುಡುಗಿ ಕೂತಿರ್ತಿದ್ಲು" ಎಂದ ಪುಟ್ಸಾಮಿ.

"ಹರಿಹರ ಕವಿ ಆ ವಿರೂಪಾಕ್ಷನ ಮುಂದೆ ಕೂತೇ 'ಗಿರಿಜಾ ಕಲ್ಯಾಣ' ಬರೆದದ್ದು" ಎಂದರು ಭಟ್ರು. "ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕೆಲಸ ಬಿಟ್ಟು ಹಂಪೆಗೆ ಹೋದ ಅಂತ ಪ್ರತೀತಿ. ರಾಜರನ್ನು ಹೊಗಳುವುದಿಲ್ಲ ಅಂತ ಹಟ."

"ಅಂದ್ರೆ ಗುರುವಾರದ ಕಾಟ ಇಲ್ಲದೆ ಬರೆದ" ಎಂದಳು ಗೀತಕ್ಕ, ತುಸು ಅಸೂಯೆಯಿಂದ. ಅವಳು ಹಾಗೆ ಹೇಳಲು ಕಾರಣವಿದೆ. ಅವಳ ಕೈಚೀಲದಲ್ಲಿ ಒಂದು ನೋಟುಬುಕ್ಕು, ಅದರಲ್ಲಿ ಅವಳದೇ ಧಾರಾವಾಹಿಯ ಕಥೆ. ಈಗ ಹೊರಬಂತು.

"ಇಡೀ ಕಥೆ ದಕ್ಷನ ಕಡೆಯಿಂದ. ಮೊದಲ ನೂರು ಕಂತು ಅವನು ಮಗಳನ್ನ ಮುದ್ದು ಮಾಡೋದೇ. ಆಮೇಲೆ ಅಳಿಯ ಬರ್ತಾನೆ. ಯಜ್ಞ ಮುನ್ನೂರನೇ ಕಂತಿಗೆ."

ಭಟ್ರು ಹೌಹಾರಿದರು. "ಮುನ್ನೂರು? ಪುರಾಣದಲ್ಲಿ ಕೆಲವೇ ಅಧ್ಯಾಯದಲ್ಲಿ ಮುಗಿಯುವ ಸಂಗತಿ ಮಾರಾಯ್ರೆ! ಶಾಸ್ತ್ರ ಹಾಗೆ ಹೇಳುವುದಿಲ್ಲ."

"ಶಾಸ್ತ್ರಕ್ಕೆ ಟಿಆರ್‌ಪಿ ಬರಲ್ಲ ಭಟ್ರೇ."

"ವೀರಭದ್ರನ ಪಾತ್ರ ನನಗಽ" ಎಂದ ಬಸಣ್ಣ.

"ನಿಮ್ಮ ಹೊಟ್ಟೆಗೆ ಕವಚ ಹೊಲಿಸೋಕೇ ಒಂದು ವಾರದ ಬಜೆಟ್ ಬೇಕು. ಅದಕ್ಕಿಂತ ಆ ಆಡಿನ ತಲೆ ಹೇಗೆ ತೋರಿಸೋದು? ಗ್ರಾಫಿಕ್ಸ್‌ಗೆ ದುಡ್ಡೆಲ್ಲಿ?"

ಅಲ್ಲಿಯವರೆಗೆ ವಾಟ್ಸಾಪಿನ ಗೃಹಪ್ರವೇಶ ಕಾರ್ಡನ್ನೇ ದಿಟ್ಟಿಸುತ್ತಿದ್ದ ಪುಟ್ಸಾಮಿಯ ಮುಖ ಅರಳಿತು. "ಆಡೇ ತಂದ್ಕೊಡ್ತೀನಿ ಬುಡಕ್ಕ, ನಮ್ಮ ಹಟ್ಟೀಲಿ ಎರಡವೆ. ಪಾರ್ಟು ಮಾಡ್ತವೋ ಇಲ್ವೋ ಕಾಣೆ. ಆದ್ರೆ ಯಜ್ಞದ ಮಂಟಪ ಮಾತ್ರ ಒಂದೇ ಟೇಕ್‌ನಲ್ಲಿ ಹಾಳುಮಾಡ್ತವೆ. ಮೊದ್ಲು ತೋರಣ, ಆಮೇಲೆ ಹಾರ, ಭಟ್ರು ಪಕ್ಕ ನಿಂತಿದ್ರೆ ಪಂಚೆ ಚುಂಗು."