ಹಳೆಯ ಕೋಲ್ಟ್ 1911ಗೆ ಯಾವ ಪಾರ್ಟ್ ಹಾಕಿಸಲಿ, ಯಾವುದನ್ನು ಮುಟ್ಟದೆ ಬಿಡಲಿ?

ತಿಪಟೂರು_ಟು_ಟೆಕ್ಸಾಸ್:

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಹತ್ತಿರ ಇದ್ದೇನೆ. ಸಿಟಿಜನ್‌ಶಿಪ್ ಆಗಿದೆ, ಹಾಗಾಗಿ ಕಾನೂನಿನ ತಕರಾರು ಇಲ್ಲ. ಇಲ್ಲಿನ ಅಂಗಡಿಯೊಂದರಲ್ಲಿ ಹಳೆಯ ಕೋಲ್ಟ್ ಗವರ್ನಮೆಂಟ್ (1911 ಮಾದರಿಯ ಪಿಸ್ತೂಲು) ಸಿಕ್ಕಿತು. .45, 5 ಇಂಚಿನ ಬ್ಯಾರಲ್, ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಮೇಲೆ ಸೀರೀಸ್ 70 ಅಂತ ಕೊರೆದಿದೆ. ಮೂತಿಯ ಹತ್ತಿರ ಹೋಲ್‌ಸ್ಟರ್ ಉಜ್ಜಿ ಬಣ್ಣ ಹೋಗಿದೆ, ಉಳಿದಂತೆ ಚೆನ್ನಾಗಿದೆ.

ಮೂರು ತೊಂದರೆ ಇದೆ. ಸ್ವಲ್ಪ ಮೇಲಕ್ಕೆ ಹಿಡಿದರೆ ಹ್ಯಾಮರ್ ಹಿಂದೆ ಬಂದು ಹೆಬ್ಬೆರಳಿನ ಬುಡದ ಚರ್ಮ ಕಚ್ಚುತ್ತದೆ. ಸೈಟ್ ತುಂಬಾ ಚಿಕ್ಕದು, ನನ್ನ ಕನ್ನಡಕಕ್ಕೆ ಕಾಣುವುದೇ ಇಲ್ಲ. ಮಾಮೂಲಿ ದುಂಡು ಮೂತಿಯ ಗುಂಡು ಸಲೀಸಾಗಿ ಹೋಗುತ್ತದೆ, ಆದರೆ ಹಾಲೋ ಪಾಯಿಂಟ್ (ಮೂತಿ ಟೊಳ್ಳಾದ ಗುಂಡು) ಹಾಕಿದರೆ ಪದೇ ಪದೇ ಜಾಮ್.

ಈಗ ಕಾರ್ಟ್‌ನಲ್ಲಿ ಬೀವರ್‌ಟೇಲ್ ಗ್ರಿಪ್ ಸೇಫ್ಟಿ (ಹಿಡಿಯ ಹಿಂಬದಿಯ ಸೇಫ್ಟಿ, ಕೈ ಮೇಲೆ ಚಾಚಿದ ಬಾಲ ಇರುವಂಥದ್ದು), ಹೊಸ ಹ್ಯಾಮರ್, ಉದ್ದ ಟ್ರಿಗರ್, ಎರಡೂ ಕಡೆಯ ಥಂಬ್ ಸೇಫ್ಟಿ, ನೋವಾಕ್ ಸೈಟ್, 20 ಪೌಂಡ್ ರಿಕಾಯ್ಲ್ ಸ್ಪ್ರಿಂಗ್ (ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್), ಅದರೊಳಗೆ ಕೂರುವ ಉದ್ದದ ಗೈಡ್ ರಾಡ್ ಎಲ್ಲಾ ಕೂತಿವೆ. ವಿಡಿಯೋಗಳಲ್ಲಿ ಎಲ್ಲವೂ 'ಡ್ರಾಪ್ ಇನ್', ಅಂದರೆ ಹಾಗೇ ಕೂರುತ್ತದೆ ಅಂತಾರೆ. ಯಾವುದನ್ನು ಮೊದಲು ತಗೊಳ್ಳಲಿ?

ಗ್ಯಾರೇಜ್_ಗೌಡ:

ಮೊದಲು ಕಾರ್ಟ್ ಖಾಲಿ ಮಾಡಿ ಸಾರ್.

ನಿಮ್ಮ ಕೈಯಲ್ಲಿರುವುದು 1970ರಿಂದ 1983ರವರೆಗೆ ಬಂದ ಕೋಲ್ಟ್. ಅದರ ಸ್ಲೈಡ್ ಕೊರೆದು ಸೈಟ್ ಹಾಕಿಸಿದರೆ, ಬೀವರ್‌ಟೇಲ್‌ಗೆ ಅಂತ ಫ್ರೇಮಿನ ಹಿಂಬದಿ ಕಿವಿ ಉಜ್ಜಿದರೆ ವಾಪಸ್ ಬರುವುದಿಲ್ಲ. ಸಂಗ್ರಹ ಮಾಡುವವರು ಅಂಥದ್ದಕ್ಕೆ ಕೊಡುವ ಬೆಲೆಯೇ ಬೇರೆ. ಬಿಚ್ಚಿ ಹಳೆಯದನ್ನು ಮತ್ತೆ ಕೂರಿಸಬಹುದಾದ ಪಾರ್ಟ್ ಮಾತ್ರ ಹಾಕಿ, ಬಿಚ್ಚಿದ ಪಾರ್ಟನ್ನೆಲ್ಲ ಒಂದು ಡಬ್ಬಿಯಲ್ಲಿ ಎತ್ತಿಡಿ.

ಜಾಮ್ ವಿಷಯಕ್ಕೆ ಬನ್ನಿ. ಆ ಕಾಲದ ಬ್ಯಾರಲ್‌ಗಳ ಬಾಯಿ (ಗುಂಡು ಒಳಹೋಗುವ ಹಿಂಬದಿ) 230 ಗ್ರೇನ್ ತೂಕದ ದುಂಡು ಗುಂಡಿಗೆ ಅಂತಲೇ ಮಾಡಿದ್ದು. ಅಗಲ ಮೂತಿಯ ಹಾಲೋ ಪಾಯಿಂಟ್ ಅಲ್ಲಿ ತಡವರಿಸುತ್ತದೆ. ಇಲ್ಲಿ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ, ಡ್ರೆಮೆಲ್ (ಉಜ್ಜುವ ಪುಟ್ಟ ಮೋಟಾರ್ ಉಪಕರಣ) ತಗೊಂಡು ರ‍್ಯಾಂಪ್ (ಗುಂಡು ಏರಿ ಒಳಹೋಗುವ ಇಳಿಜಾರು) ಪಾಲಿಶ್ ಮಾಡೋಣ ಅಂತ ಕೂರುವುದು. ದಯವಿಟ್ಟು ಬೇಡ. ಜಾಸ್ತಿ ಉಜ್ಜಿದರೆ ಗುಂಡಿನ ಕೇಸ್‌ಗೆ ಕೆಳಗಿನಿಂದ ಆಸರೆ ಹೋಗುತ್ತದೆ, ಒಳಗಿನ ಒತ್ತಡಕ್ಕೆ ಅಲ್ಲೇ ಉಬ್ಬುತ್ತದೆ, ಸೀಳಲೂ ಬಹುದು. ಮೊದಲು ಎರಡು ಒಳ್ಳೆಯ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತಗೊಳ್ಳಿ. ವಿಲ್ಸನ್ ಕಾಂಬ್ಯಾಟ್ 47ಡಿ ಆದರೂ ಸರಿ, ಚಿಪ್ ಮೆಕಾರ್ಮಿಕ್ ಆದರೂ ಸರಿ. 1911 ಗುಂಡು ನುಂಗದಿದ್ದರೆ ಮೊದಲ ಅನುಮಾನ ಮ್ಯಾಗಜೀನ್ ಮೇಲೆ, ಎರಡನೆಯದು ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಎಳೆದು ತೆಗೆಯುವ ಕೊಕ್ಕೆ) ಮೇಲೆ. ಉಳಿದದ್ದೆಲ್ಲ ಆಮೇಲೆ.

20 ಪೌಂಡ್ ಸ್ಪ್ರಿಂಗ್ ಯಾಕೆ? 5 ಇಂಚಿನ .45ಗೆ ಕಾರ್ಖಾನೆ ಲೆಕ್ಕ 16 ಪೌಂಡ್. ಸ್ಪ್ರಿಂಗ್ ಬಿಗಿಯಾದಷ್ಟೂ ಸ್ಲೈಡ್ ಮುಂದಕ್ಕೆ ಜೋರಾಗಿ ಬಡಿಯುತ್ತದೆ, ಆ ಪೆಟ್ಟು ಸ್ಲೈಡ್ ಸ್ಟಾಪ್ ಮತ್ತು ಬ್ಯಾರಲ್ ಬುಡಕ್ಕೆ ಬೀಳುತ್ತದೆ. ಹಳೆಯ ಸ್ಪ್ರಿಂಗ್ ಸೋತಿರುತ್ತದೆ, ಬದಲಾಯಿಸಿ, ಆದರೆ 16ಕ್ಕೇ. ವುಲ್ಫ್ ಕಂಪನಿಯದ್ದು ತಗೊಂಡರೆ ಜೊತೆಗೆ ಫೈರಿಂಗ್ ಪಿನ್ (ಗುಂಡಿನ ಹಿಂಭಾಗಕ್ಕೆ ಗುದ್ದುವ ಸೂಜಿ) ಸ್ಪ್ರಿಂಗೂ ಬರುತ್ತದೆ. ಅದನ್ನು ಡ್ರಾಯರ್‌ಗೆ ಎಸೆಯಬೇಡಿ, ಹಾಕಿ. ಸೀರೀಸ್ 70ರಲ್ಲಿ ಪಿನ್ ತಡೆಯುವ ಬ್ಲಾಕ್ ಇಲ್ಲ, ಅದು ಬಂದಿದ್ದು 1983ರ ಸೀರೀಸ್ 80ರಲ್ಲಿ. ಗನ್ ಮೂತಿ ಕೆಳಗಾಗಿ ಬಿದ್ದರೆ ಪಿನ್ ಮುಂದಕ್ಕೆ ಹಾರದಂತೆ ಹಿಡಿಯುವುದು ಆ ಪುಟ್ಟ ಸ್ಪ್ರಿಂಗ್ ಒಂದೇ.

ಉದ್ದದ ಗೈಡ್ ರಾಡ್‌ನಿಂದ ಬಿಚ್ಚುವ ಕೆಲಸ ಕಷ್ಟ ಆಗುತ್ತದೆ, ಬೇರೆ ಲಾಭ ನನಗೆ ಕಂಡಿಲ್ಲ.

ಅರ_ಎಣ್ಣೆ_ಚಿಂದಿಬಟ್ಟೆ:

ಗೌಡರು ಹೇಳಿದ್ದು ಸರಿ. ನಾನು ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುವವನು, 'ಡ್ರಾಪ್ ಇನ್' ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಈ ಪಿಸ್ತೂಲನ್ನು ಟೈಪ್‌ರೈಟರ್ ಮಾಡುವ ರೆಮಿಂಗ್ಟನ್ ರ‍್ಯಾಂಡ್ ಮಾಡಿತು, ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಮಾಡಿತು, ಹೊಲಿಗೆ ಯಂತ್ರದ ಸಿಂಗರ್ ಕೂಡ 500 ಮಾಡಿಕೊಟ್ಟಿತು. ಸೈನ್ಯದ ಡ್ರಾಯಿಂಗ್ ಒಂದೇ ಇತ್ತು, ಒಬ್ಬರ ಪಾರ್ಟ್ ಇನ್ನೊಬ್ಬರ ಗನ್ನಿಗೆ ಕೂರಲೇಬೇಕಿತ್ತು. ಅದಕ್ಕೆ ತಕ್ಕಂತೆ ಸಡಿಲವೂ ಇಟ್ಟಿದ್ದರು. ಈಗ ಅಂಗಡಿಯಲ್ಲಿ ಸಿಗುವ ಒಳ್ಳೆಯ ಪಾರ್ಟ್ ಹಾಗಲ್ಲ. ಬೇಕಂತಲೇ ಸ್ವಲ್ಪ ದಪ್ಪ ಬಿಟ್ಟು ಕಳಿಸುತ್ತಾರೆ, ನಿಮ್ಮ ಗನ್ನಿಗೆ ಹೊಂದುವಂತೆ ಅರದಲ್ಲಿ ಉಜ್ಜಿ ಕೂರಿಸಿಕೊಳ್ಳಲಿ ಅಂತ. ಏನೂ ಉಜ್ಜದೆ ಕೂತುಬಿಟ್ಟಿತು ಅಂದರೆ ಖುಷಿಪಡುವ ಮುಂಚೆ ಸರಿಯಾಗಿ ಕೆಲಸ ಮಾಡುತ್ತಿದೆಯಾ ನೋಡಬೇಕು.

ಥಂಬ್ ಸೇಫ್ಟಿ ಅದಕ್ಕೆ ಒಳ್ಳೆಯ ಉದಾಹರಣೆ. ಅದರ ಒಳಗಡೆ ಒಂದು ಚಿಕ್ಕ ಉಬ್ಬು ಇದೆ, ಎತ್ತಿದ ಹ್ಯಾಮರನ್ನು ಹಿಡಿದಿಡುವ ಪಾರ್ಟ್ ಆದ ಸಿಯರ್‌ನ ಕಾಲಿಗೆ ಅಡ್ಡ ನಿಲ್ಲುವುದು ಅದೇ. ಉಬ್ಬು ದಪ್ಪ ಇದ್ದರೆ ಸೇಫ್ಟಿ ಮೇಲಕ್ಕೇ ಬರುವುದಿಲ್ಲ. ಸವೆದಿದ್ದರೆ ಅಥವಾ ಅರ ಒಂದು ಎಳೆ ಜಾಸ್ತಿ ಆಡಿದರೆ, ಮೇಲಕ್ಕೇನೋ ಬರುತ್ತದೆ, ಆದರೆ ಸಿಯರ್ ಒಳಗೇ ಅಲುಗಾಡುತ್ತಿರುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮ್ಯಾಗಜೀನ್ ತೆಗೆಯಿರಿ, ಛೇಂಬರ್ ಖಾಲಿ ಇದೆಯಾ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ, ಗುಂಡುಗಳನ್ನು ಬೇರೆ ರೂಮಿನಲ್ಲಿಡಿ. ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಒತ್ತಿ ಬಿಡಿ. ಸೇಫ್ಟಿ ಇಳಿಸಿ, ಟ್ರಿಗರ್‌ನಿಂದ ಬೆರಳು ದೂರ ಇಟ್ಟು, ಹ್ಯಾಮರನ್ನು ಹೆಬ್ಬೆರಳಲ್ಲಿ ನಿಧಾನಕ್ಕೆ ಒಂದಿಷ್ಟು ಹಿಂದಕ್ಕೆ ಎಳೆಯುತ್ತಾ ಕಿವಿಗೊಡಿ. ಸಣ್ಣಗೆ 'ಟಿಕ್' ಅಂದರೆ ಸಿಯರ್ ಜಾಗ ಬಿಟ್ಟಿತ್ತು, ಈಗ ವಾಪಸ್ ಕೂತಿತು ಅಂತ ಅರ್ಥ. ಆ ಸೇಫ್ಟಿಯನ್ನು ನಂಬಬೇಡಿ, ಗನ್‌ಸ್ಮಿತ್ (ಗನ್ ರಿಪೇರಿ ಮಾಡುವವರು) ಹತ್ತಿರ ಒಯ್ಯಿರಿ. ಹ್ಯಾಮರ್, ಸಿಯರ್ ಬದಲಾಯಿಸುವ ಕೆಲಸವಂತೂ ಮನೆಯಲ್ಲಿ ಬೇಡವೇ ಬೇಡ.

ಅಂದಹಾಗೆ ನೀವು ಎಡಚರಾ? ಅಲ್ಲದಿದ್ದರೆ ಎರಡೂ ಕಡೆಯ ಸೇಫ್ಟಿ ಯಾಕೆ? ಕೆಲವಕ್ಕೆ ಬಲಗಡೆಯ ಗ್ರಿಪ್ಪನ್ನೂ (ಹಿಡಿಯ ಪಕ್ಕದ ಹಲಗೆ) ಒಳಗಿನಿಂದ ಕೆತ್ತಬೇಕಾಗುತ್ತದೆ, ಸುಮ್ನೆ ತಲೆನೋವು.

ರೇಂಜ್_ರಂಗ:

ಎಲ್ಲರೂ ಸೇರಿ ಇದನ್ನು ಮ್ಯೂಸಿಯಂಗೆ ಕಳಿಸುತ್ತಿದ್ದೀರಿ. ಗನ್ ಇರುವುದು ಹೊಡೆಯೋಕೆ, ಅಲ್ವಾ? ಕೈ ಕಚ್ಚಿದರೆ ಯಾರು ಹೊಡೆಯುತ್ತಾರೆ? ಫ್ರೇಮ್ ಕೊರೆಯದೆ ಕೂರುವ ಬೀವರ್‌ಟೇಲ್ ಸಿಗುತ್ತದೆ. ಫ್ರೇಮಿಗೂ ಅದಕ್ಕೂ ನಡುವೆ ಸಂದು ಕಾಣುತ್ತದೆ, ನೋಡೋಕೆ ಅಷ್ಟು ಚಂದ ಇಲ್ಲ, ಆದರೆ ಕಚ್ಚುವುದು ನಿಲ್ಲುತ್ತದೆ.

ಅರ_ಎಣ್ಣೆ_ಚಿಂದಿಬಟ್ಟೆ:

ರಂಗ, ಕಚ್ಚುವುದು ನಿಲ್ಲುತ್ತದೆ ನಿಜ, ಆದರೆ ಅವರ ಗನ್ನಿನಲ್ಲಿರುವುದು ಉದ್ದ ಬಾಲದ ಹಳೆಯ ಹ್ಯಾಮರ್. ಬೀವರ್‌ಟೇಲ್ ಹಾಕಿದರೆ ಸಾಮಾನ್ಯವಾಗಿ ಆ ಬಾಲ ಅದಕ್ಕೇ ತಾಗುತ್ತದೆ. ಆಗ ಕಮಾಂಡರ್ (1911ರ ಗಿಡ್ಡ ಮಾದರಿ) ಥರದ ದುಂಡು ಹ್ಯಾಮರ್ ಬೇಕು, ಹ್ಯಾಮರ್ ಬದಲಾದರೆ ಸಿಯರ್ ಜೊತೆ ಮತ್ತೆ ಹೊಂದಿಸಬೇಕು. ಒಂದು ಪಾರ್ಟ್ ಅಂತ ಶುರುವಾಗಿದ್ದು ಮೂರಕ್ಕೆ ಹೋಯಿತು. ಗ್ರಿಪ್ ಸೇಫ್ಟಿ ಒಳಗಿನ ತೋಳು ಟ್ರಿಗರನ್ನು ಸರಿಯಾಗಿ ತಡೆಯುತ್ತಾ ಅಂತ ಬೇರೆ ನೋಡಬೇಕು. ಇಷ್ಟನ್ನೂ ಗನ್‌ಸ್ಮಿತ್ ಕೈಲಿ ಮಾಡಿಸುವುದಾದರೆ ನನ್ನ ತಕರಾರಿಲ್ಲ.

ರೇಂಜ್_ರಂಗ:

ಸರಿ ಬಿಡಿ, ಹಾಗಾದರೆ ಇನ್ನೊಂದು ದಾರಿ. ಪ್ರಯೋಗ ಮಾಡುವ ಆಸೆ ಇದ್ದರೆ ಅಗ್ಗದ ರಾಕ್ ಐಲ್ಯಾಂಡೋ ಟಿಸಾಸೋ ತಗೊಳ್ಳಿ. ಒಂದು ಫಿಲಿಪ್ಪೀನ್ಸ್‌ನದು, ಇನ್ನೊಂದು ಟರ್ಕಿಯದು. ಕಾರ್ಟ್‌ನಲ್ಲಿರುವ ಎಲ್ಲ ಪಾರ್ಟ್ ಸೇರಿಸಿ ಗನ್‌ಸ್ಮಿತ್ ಕೂಲಿಯನ್ನೂ ಲೆಕ್ಕ ಹಾಕಿ ನೋಡಿ, ಅಷ್ಟರಲ್ಲಿ ಬೀವರ್‌ಟೇಲ್, ದೊಡ್ಡ ಸೈಟ್ ಎಲ್ಲಾ ಇರುವ ಹೊಸ ಗನ್ನೇ ಬರಬಹುದು.

ಓದುಗ_ಮೈಸೂರು:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಎಚ್‌ಒನ್‌ಬಿ ಮೇಲೆ ಬಂದು ಒಂದು ವರ್ಷ ಆಯಿತು. ನಾನೂ ಒಂದು ತಗೊಳ್ಳಬಹುದಾ? ಊರಲ್ಲಿ ಮಾವನ ಹತ್ತಿರ ಲೈಸೆನ್ಸ್ ಪಿಸ್ತೂಲ್ ಇದೆ, ಅದಕ್ಕೆ ಇಲ್ಲಿಂದ ಸ್ಪ್ರಿಂಗ್ ತಗೊಂಡು ಹೋಗಬಹುದಾ?

ಗ್ಯಾರೇಜ್_ಗೌಡ:

ಇಮಿಗ್ರೆಂಟ್ ಅಲ್ಲದ ವೀಸಾದವರು ಇಲ್ಲಿ ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನೇ ತಡೆಯುತ್ತದೆ. ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇಲ್ಲ. ಸ್ನೇಹಿತರ ಜೊತೆ ರೇಂಜ್‌ಗೆ ಹೋಗುವ ಮುಂಚೆಯೂ ಲಾಯರ್ ಹತ್ತಿರ ಒಂದು ಮಾತು ಕೇಳಿ, ವೀಸಾಗಿಂತ ಗನ್ ದೊಡ್ಡದಲ್ಲ.

ಊರಿಗೆ ಏನನ್ನೂ ಒಯ್ಯಬೇಡಿ ಮಾರಾಯ್ರೆ. ನಮ್ಮ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಏರ್‌ಪೋರ್ಟ್‌ನಲ್ಲಿ ಸೂಟ್‌ಕೇಸ್ ಬಿಚ್ಚಿಸಿಕೊಂಡು 'ಬರೀ ಸ್ಪ್ರಿಂಗು ಸಾರ್' ಅಂದರೆ ಯಾರೂ ಕೇಳುವುದಿಲ್ಲ. ಮಾವನವರು ಲೈಸೆನ್ಸ್ ಇರುವ ಡೀಲರ್ ಹತ್ತಿರವೇ ರಿಪೇರಿ ಮಾಡಿಸಲಿ.

ತಿಪಟೂರು_ಟು_ಟೆಕ್ಸಾಸ್:

ಎಲ್ಲರಿಗೂ ಥ್ಯಾಂಕ್ಸ್. ಎಡಚ ಅಲ್ಲ, ಫೋಟೋದಲ್ಲಿ ಚೆನ್ನಾಗಿ ಕಂಡಿತು ಅಂತ ಹಾಕಿದ್ದೆ ಅಷ್ಟೆ. ಈಗ ಎರಡು ಮ್ಯಾಗಜೀನ್, 16 ಪೌಂಡ್ ಸ್ಪ್ರಿಂಗ್ ಮತ್ತು ಒಂದು ಜೊತೆ ಗ್ರಿಪ್ ಮಾತ್ರ ಇಟ್ಟುಕೊಂಡಿದ್ದೇನೆ. ಸೈಟ್‌ಗೆ ಏನು ಮಾಡಲಿ? ಇನ್ನೊಂದು, ಮೂತಿಯ ಬುಷಿಂಗ್ (ಬ್ಯಾರಲ್ ತುದಿ ಹಿಡಿಯುವ ಉಂಗುರ) ಒಳಗೆ ಬೆರಳಿನ ಥರ ನಾಲ್ಕು ಸೀಳು ಇದೆ, ಅದು ಮುರಿಯುತ್ತದೆ ಅಂತ ಎಲ್ಲೋ ಓದಿದೆ. ಬದಲಾಯಿಸಲಾ?

ಅರ_ಎಣ್ಣೆ_ಚಿಂದಿಬಟ್ಟೆ:

ಸೀರೀಸ್ 70ರ ಗುರುತೇ ಆ ಬುಷಿಂಗ್. ಕೆಲವರಿಗೆ ಬೆರಳು ಮುರಿದಿದ್ದು ಹೌದು, ಆದರೆ ತುಂಬಾ ಜನರದು ಹಾಗೇ ನಡೆಯುತ್ತಿದೆ. ಬಿಚ್ಚಿದಾಗಲೆಲ್ಲ ಬೆರಳಿನ ಬುಡದಲ್ಲಿ ಬಿರುಕಿದೆಯಾ ನೋಡಿ. ಬದಲಾಯಿಸುವ ಮನಸ್ಸಾದರೆ ಆ ಬ್ಯಾರಲ್‌ನ ತುದಿ ಸ್ವಲ್ಪ ದಪ್ಪ ಅನ್ನುವುದು ನೆನಪಿರಲಿ, ಮಾಮೂಲಿ ಬುಷಿಂಗ್ ಅಲ್ಲಿ ಕೂರದೇ ಇರಬಹುದು. ಬ್ಯಾರಲ್ ಜೊತೆಗೆ ಒಯ್ದು ಅಳತೆ ಮಾಡಿಸಿ.

ಸೈಟ್‌ಗೆ ಸದ್ಯಕ್ಕೆ ಉಗುರುಬಣ್ಣ ಸಾಕು. ಮುಂದಿನ ಸೈಟಿನ ಎಣ್ಣೆ ಚೆನ್ನಾಗಿ ಒರೆಸಿ, ಮೊದಲು ಬಿಳಿ, ಒಣಗಿದ ಮೇಲೆ ಕಿತ್ತಳೆ. ಬೇಡ ಅಂದರೆ ರಿಮೂವರ್ ಹಾಕಿ ತೆಗೆಯಬಹುದು. ಗ್ರಿಪ್ ಹಾಕುವಾಗ ಸ್ಕ್ರೂ ಜೊತೆ ಅದರ ಬುಷಿಂಗೂ (ಸ್ಕ್ರೂ ಕೂರುವ, ಫ್ರೇಮಿಗೆ ತಿರುಗಿಸಿದ ಪುಟ್ಟ ಕೊಳವೆ) ಸುತ್ತಿಕೊಂಡು ಬರುತ್ತಿದೆಯಾ ಗಮನಿಸಿ, ಬಲವಂತ ಮಾಡಿದರೆ ಫ್ರೇಮಿನ ತಿರುಪಿನ ಎಳೆ ಹಾಳು. ತೆಳು ಗ್ರಿಪ್ ತಗೊಂಡಿದ್ದರೆ ಗಿಡ್ಡ ಸ್ಕ್ರೂ, ಗಿಡ್ಡ ಬುಷಿಂಗ್ ಬೇಕು.

ರಿಕಾಯ್ಲ್ ಸ್ಪ್ರಿಂಗ್ ಬಿಚ್ಚುವಾಗ ಮೂತಿಯ ಪ್ಲಗ್ ಮೇಲೆ ಹೆಬ್ಬೆರಳು ಗಟ್ಟಿಯಾಗಿ ಇರಲಿ, ಕನ್ನಡಕವೂ ಇರಲಿ, ಜಾರಿದರೆ ಅದು ಸೀದಾ ಮುಖಕ್ಕೆ ಹಾರುತ್ತದೆ. ವಾಪಸ್ ಜೋಡಿಸುವಾಗ ಸ್ಲೈಡ್ ಸ್ಟಾಪನ್ನು ಕೆಳಗಿನಿಂದ ಕಮಾನಿನಂತೆ ತಿರುಗಿಸುತ್ತಾ ತಳ್ಳಬೇಡಿ. ನೇರಕ್ಕೆ ತಂದು, ಎದುರಿನ ಪುಟ್ಟ ಪಿನ್ನನ್ನು ಹಲ್ಲುಕಡ್ಡಿಯಿಂದ ಒಳಕ್ಕೆ ಒತ್ತಿಕೊಂಡು ಸೇರಿಸಿ. ಸೆಕೆಂಡ್ ಹ್ಯಾಂಡ್ 1911ಗಳ ಎಡಗಡೆ ಫ್ರೇಮಿನಲ್ಲಿ ಬಿಲ್ಲಿನ ಆಕಾರದ ಒಂದು ಗೀರು ಇರುತ್ತದಲ್ಲ, ಅದು ಆಗುವುದು ಹೀಗೇ. ನಿಮ್ಮದರಲ್ಲಿ ಈಗಾಗಲೇ ಇದ್ದರೂ ಇರಬಹುದು.

ಗ್ಯಾರೇಜ್_ಗೌಡ:

ಸ್ಲೈಡ್ ಬಿಚ್ಚಿದಾಗಲೇ ಎಕ್ಸ್‌ಟ್ರಾಕ್ಟರೂ ನೋಡಿಬಿಡಿ. ಒಂದು ಡಮ್ಮಿ (ಸಿಡಿಯದ ನಕಲಿ) ಗುಂಡನ್ನು ಅದರ ಕೊಕ್ಕೆಯಡಿ ಜಾರಿಸಿ ಸ್ಲೈಡನ್ನು ಮೆಲ್ಲಗೆ ಅಲ್ಲಾಡಿಸಿ. ಗುಂಡು ಅಲ್ಲೇ ನಿಲ್ಲಬೇಕು. ಬಿದ್ದುಹೋದರೆ ಹಿಡಿತ ಸಾಲದು. ಹೊಸದು ತಗೊಳ್ಳುವುದಾದರೆ ಸೀರೀಸ್ 70ರದ್ದೇ ಕೇಳಿ. 80ರದ್ದಕ್ಕೆ ಬ್ಲಾಕ್‌ಗೋಸ್ಕರ ಒಂದು ಕಚ್ಚು ಇರುತ್ತದೆ, ಅದು ನಿಮ್ಮದಕ್ಕೆ ನಡೆಯುತ್ತದೆ, ಆದರೆ 70ರದ್ದು 80ಕ್ಕೆ ನಡೆಯುವುದಿಲ್ಲ.

ಹೊಸ ಮ್ಯಾಗಜೀನ್ ಹಾಕಿದ ಮೇಲೂ ಹಾಲೋ ಪಾಯಿಂಟ್ ಸಿಕ್ಕಿಕೊಂಡರೆ ಇಲ್ಲಿ ಹೇಳಿ. ಮೂತಿ ರ‍್ಯಾಂಪ್‌ಗೆ ಗುದ್ದಿ ನಿಂತಿತಾ, ಅರ್ಧ ಒಳಗೆ ಹೋಗಿ ಓರೆಯಾಗಿ ನಿಂತಿತಾ, ಯಾವ ಮ್ಯಾಗಜೀನ್, ಎಷ್ಟನೇ ಗುಂಡು, ಇಷ್ಟು ಬರೆದಿಟ್ಟುಕೊಳ್ಳಿ.